ಮೇನ್ ವಾಲ್ವ್ ಮುಚ್ಚಿದರೆ ಸಾಕಾ?

ಚಳಿಗಾಲದಲ್ಲಿ ಎರಡು ತಿಂಗಳು ಮನೆ ಖಾಲಿ ಇರುತ್ತದೆ, ನೀರಿನ ಮೇನ್ ವಾಲ್ವ್ ಮುಚ್ಚಿದರೆ ಸಾಕಾ ಅಂತ ಕೇಳಿದ್ದೀರಿ. ಹಿಮ ಬೀಳುವ ಕಡೆ ಅಷ್ಟು ಸಾಲದು. ಪೈಪಿನೊಳಗೆ ನೀರು ನಿಂತೇ ಇರುತ್ತದೆ ಅಲ್ವಾ? ಹೆಪ್ಪುಗಟ್ಟಿದರೆ ಅದು ಸುಮಾರು 9% ಹಿಗ್ಗುತ್ತದೆ, ಪೈಪ್ ಸೀಳುತ್ತದೆ. ಗೀಸರ್ ಸ್ವಿಚ್ ಆರಿಸಿ, ಆಮೇಲೆ ಎಲ್ಲಕ್ಕಿಂತ ಮೇಲಿನ ನಲ್ಲಿ, ಕೆಳಗಿನ ನಲ್ಲಿ ಎರಡನ್ನೂ ತೆರೆಯಿರಿ. ಮೇಲಿಂದ ಗಾಳಿ ಒಳಗೆ ಹೋದರೇನೇ ಕೆಳಗಿಂದ ನೀರು ಪೂರ್ತಿ ಇಳಿಯೋದು. ಫ್ಲಶ್ ಟ್ಯಾಂಕೂ ಖಾಲಿ ಮಾಡಿ.

ಹೊರಗಿನ ನಲ್ಲಿಯಿಂದ ಹೋಸ್ ಪೈಪ್ ಬಿಚ್ಚೋದು ಮರೀಬೇಡಿ. ನಾನು ಒಂದು ಸಲ ಸುಮ್ನೆ ಬಿಟ್ಟಿದ್ದೆ. ಚಳಿಗಾಲವೆಲ್ಲ ಒಂದು ಹನಿ ಸೋರಲಿಲ್ಲ. ಬೇಸಿಗೆಯಲ್ಲಿ ನಲ್ಲಿ ತಿರುಗಿಸಿದರೆ ಹೊರಗೆ ನೀರು ಸಣ್ಣಗೆ, ಒಳಗೆ ಗೋಡೆಯೆಲ್ಲ ಒದ್ದೆ! ಹೋಸ್ ಇದ್ದದ್ದಕ್ಕೆ ನೀರು ಇಳಿಯದೆ ಹೆಪ್ಪುಗಟ್ಟಿ, ಗೋಡೆಯೊಳಗೆ ಪೈಪ್ ಸೀಳಿತ್ತು. ವಾಪಸ್ ಬಂದಾಗ ವಾಲ್ವನ್ನು ನಿಧಾನಕ್ಕೆ ತೆರೆಯಿರಿ, ಎಲ್ಲಾದರೂ ಸುಯ್ ಅನ್ನುತ್ತದಾ ಅಂತ ಕಿವಿಗೊಡಿ.