ಲಾಗ್ ನೋಡಿ ಡಾಂಗಲ್ ತಾನೇ ಎಬ್ಬಿಸುವ ಬಗ್ಗೆ

ಚನ್ನಗಿರಿಯ ಗೆಳೆಯರ ಪ್ರಶ್ನೆ ಇದು: ಅಡಿಕೆ ತೋಟದ ಪಂಪ್‌ಹೌಸಿನಲ್ಲಿ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಇದೆ, ಮೋಟರ್ ಆನ್-ಆಫ್ ಮಾಡಲು ರಿಲೇ ಸ್ವಿಚ್, ನೆಟ್‌ಗೆ ಯುಎಸ್‌ಬಿ ಡಾಂಗಲ್. ಡಾಂಗಲ್ ಆಗಾಗ ಸಾಯುತ್ತದೆ. ಲಾಗ್‌ನಲ್ಲಿ, ಅಂದರೆ ಪೈ ತಾನೇ ಬರೆದಿಡುವ ದಾಖಲೆಯಲ್ಲಿ, 'ಯುಎಸ್‌ಬಿ ಡಿಸ್ಕನೆಕ್ಟ್' ಸಾಲು ಬಂದ ಕೂಡಲೇ ಪೈ ತಾನೇ ರೀಬೂಟ್ ಆಗುವಂತೆ ಮಾಡಬಹುದಾ?

ಮಾಡಬಹುದು, ಆದರೆ ರೀಬೂಟ್ ಮಾತ್ರ ಬೇಡ. ಬೂಟ್ ಆಗುವಾಗ ರಿಲೇ ಜೋಡಿಸುವ ಪಿನ್‌ಗಳೆಲ್ಲ ಇನ್‌ಪುಟ್ ಸ್ಥಿತಿಗೆ ಹೋಗುತ್ತವೆ. ಕೆಲವು ರಿಲೇ ಬೋರ್ಡ್‌ಗಳು ಆಗ ಸುಮ್ನೆ ಟಕ್ ಅನ್ನುತ್ತವೆ. ಅದರ ಆಚೆ ಇರುವುದು ಬಲ್ಬ್ ಅಲ್ಲ, ಬೋರ್‌ವೆಲ್ ಮೋಟರ್.

ಮೊದಲು ಡಿಸ್ಕನೆಕ್ಟ್ ಸಾಲಿನ ಮೇಲಿನ ಸಾಲುಗಳನ್ನು ಓದಿ. ಅಲ್ಲಿ 'ಅಂಡರ್‌ವೋಲ್ಟೇಜ್ ಡಿಟೆಕ್ಟೆಡ್' ಇದ್ದರೆ ತಪ್ಪು ಡಾಂಗಲ್‌ದಲ್ಲ. ಪೈಗೆ ಬರುವ 5 ವೋಲ್ಟ್ ಸುಮಾರು 4.63ಕ್ಕಿಂತ ಕೆಳಗೆ ಇಳಿದರೆ ಆ ಸಾಲು ಬೀಳುತ್ತದೆ. ಹೊಳಲ್ಕೆರೆ ಕಡೆ ನಮ್ಮ ಫೀಡರ್‌ನಲ್ಲಿ ತ್ರೀ ಫೇಸ್ ಬಂದ ತಕ್ಷಣ ಆಟೋ ಸ್ಟಾರ್ಟರ್ ಹಾಕಿದ ಬೋರ್‌ಗಳೆಲ್ಲ ಒಟ್ಟಿಗೆ ಏಳುತ್ತವೆ, ವೋಲ್ಟೇಜ್ ಕುಸಿಯುತ್ತದೆ. ನಿಮ್ಮಲ್ಲೂ ಹಾಗೇ ಇರಬಹುದು, ಸಮಯ ತಾಳೆ ಹಾಕಿ ನೋಡಿ. ಹಾಗಿದ್ದರೆ ಲಾಗ್ ಕಾಯುವ ಸ್ಕ್ರಿಪ್ಟ್‌ಗಿಂತ ಮೊದಲು ಒಳ್ಳೆ ಅಡಾಪ್ಟರ್ ಹಾಕಿ. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಬೇಕು. ಹಳೇ ಮೊಬೈಲ್ ಚಾರ್ಜರ್ ಸಾಲದು.

ಆಮೇಲೂ ಡಾಂಗಲ್ ಬಿದ್ದರೆ ಸ್ಕ್ರಿಪ್ಟ್ ಬರೆಯೋಣ. ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ (journalctl) ಕಮಾಂಡ್ ಅನ್ನು -ಕೆ -ಎಫ್ (-k -f) ಹಾಕಿ ಓಡಿಸಿದರೆ ಕರ್ನಲ್ (ಸಿಸ್ಟಂನ ತಿರುಳು) ಬರೆಯುವ ಸಾಲುಗಳು ಬಂದಂತೆಲ್ಲ ಕಾಣುತ್ತವೆ. ಜೊತೆಗೆ -ಎನ್ 0 (-n 0) ಹಾಕಲೇಬೇಕು. ಇಲ್ಲದಿದ್ದರೆ ಅದು ಹಳೆಯ ಹತ್ತು ಸಾಲುಗಳನ್ನೂ ಕೊಡುತ್ತದೆ, ನಿನ್ನೆಯ ದೋಷಕ್ಕೆ ಇವತ್ತು ಕೆಲಸ ಶುರುವಾಗುತ್ತದೆ. ಬೇಕಾದ ಸಾಲು ಹುಡುಕಲು ಅದನ್ನು ಗ್ರೆಪ್ (grep) ಕಮಾಂಡ್‌ಗೆ ಪೈಪ್ ಮಾಡುವವರು ಲೈನ್-ಬಫರ್ಡ್ (--line-buffered) ಆಯ್ಕೆ ಮರೆಯಬೇಡಿ. ಮರೆತರೆ ಸಾಲು ಒಳಗೇ ಕೂತಿರುತ್ತದೆ, ಏನೂ ನಡೆಯೋಲ್ಲ.

ಸಾಲು ಸಿಕ್ಕಿತು ಅಂತ ಆಗಲೇ ಕೈ ಹಾಕಬೇಡಿ. ಅರ್ಧ ನಿಮಿಷ ಕಾದು, ಡಾಂಗಲ್ ವಾಪಸ್ ಬಂದಿದೆಯಾ ನೋಡಿ. ಎಷ್ಟೋ ಸಲ ತಾನೇ ಬಂದಿರುತ್ತದೆ. ಬಂದಿಲ್ಲ ಅಂದರೆ ಯುಹಬ್‌ಸಿಟಿಎಲ್ (uhubctl) ಎಂಬ ಕಮಾಂಡ್‌ನಿಂದ ಪೋರ್ಟಿನ ಪವರ್ ತೆಗೆದು ಕೊಡಿ. ಪೈ 4ರಲ್ಲಿ ಎಲ್ಲ ಯುಎಸ್‌ಬಿ ಪೋರ್ಟ್‌ಗಳೂ ಒಟ್ಟಿಗೇ ಆಫ್ ಆಗುತ್ತವೆ, ಪೆನ್‌ಡ್ರೈವ್ ಇದ್ದರೆ ಅದೂ ಹೋಗುತ್ತದೆ.

ಇಲ್ಲೇ ಜಾಸ್ತಿ ಜನ ಎಡವುವುದು. ನೀವು ಪವರ್ ತೆಗೆದಾಗ ಯಾವುದೇ ಯುಎಸ್‌ಬಿ ಸಾಧನ ಬಿದ್ದರೂ ಮತ್ತೆ ಅದೇ 'ಡಿಸ್ಕನೆಕ್ಟ್' ಸಾಲು ಬರುತ್ತದೆ. ಸ್ಕ್ರಿಪ್ಟ್ ಅದನ್ನೇ ಹೊಸ ದೋಷ ಅಂದುಕೊಂಡು ಮತ್ತೆ ತೆಗೆಯುತ್ತದೆ, ರಾತ್ರಿಯೆಲ್ಲ ಇದೇ ಆಟ. ಒಮ್ಮೆ ಕ್ರಮ ತೆಗೆದುಕೊಂಡ ಮೇಲೆ ಹತ್ತು ನಿಮಿಷ ಏನೇ ಬಂದರೂ ಬಿಟ್ಟುಬಿಡಲಿ. ಗಂಟೆಗೆ ಮೂರು ಸಲ ಆಯಿತು ಅಂದರೆ ಪೂರ್ತಿ ನಿಂತು ನಿಮ್ಮನ್ನು ಕರೆಯಲಿ. ಹೇಗೆ ಕರೆಯುತ್ತದೆ? ಸತ್ತ ಡಾಂಗಲ್‌ನಿಂದ ವಾಟ್ಸಾಪ್ ಹೋಗಲ್ಲ ಅಲ್ವಾ. ಬೇರೆ ಸಿಮ್ ಇರುವ ಜಿಎಸ್‌ಎಂ ಮಾಡ್ಯೂಲ್ ಇರಲಿ, ಇಲ್ಲವೇ ಒಂದು ಬಜರ್.

ಮೋಟರ್ ವಿಷಯದಲ್ಲಿ ನನ್ನದು ಒಂದೇ ಹಟ: ಸ್ಕ್ರಿಪ್ಟ್ ಲಾಗ್ ನೋಡಿ ಆಫ್ ಮಾಡಲಿ, ಆನ್ ಮಾತ್ರ ಮಾಡಬಾರದು. ಡ್ರೈ ರನ್ (ನೀರಿಲ್ಲದೆ ಓಡುವುದು), ಸಿಂಗಲ್ ಫೇಸಿಂಗ್ (ಒಂದು ಫೇಸ್ ಹೋಗುವುದು) ತಡೆಯಲು ಪ್ಯಾನೆಲ್ಲಿನ ರಿಲೇಯೇ ಇರಲಿ. ಪೈ ನಂಬಿಕೊಂಡು ಅದನ್ನು ತೆಗೆಯಬೇಡಿ.

ಟೆಸ್ಟ್ ಮಾಡಲು ಲಾಗರ್ ಕಮಾಂಡ್‌ನಿಂದ ಸುಳ್ಳು ಸಾಲು ಬರೆದರೆ -ಕೆ ಇರುವಾಗ ಅದು ಕಾಣೋಲ್ಲ, ಅದು ಕರ್ನಲ್ ಸಾಲಲ್ಲ. ಮೋಟರ್ ಆಫ್ ಇರುವಾಗ ಡಾಂಗಲ್ ಕೈಯಲ್ಲೇ ಕಿತ್ತು ನೋಡಿ. ಅಡಾಪ್ಟರ್ ಯಾವುದು, ಡಿಸ್ಕನೆಕ್ಟ್‌ಗೆ ಮೊದಲಿನ ಇಪ್ಪತ್ತು ಸಾಲು ಏನಿದೆ, ಇಲ್ಲೇ ಹಾಕಿ.