ಹೊಟ್ಟೆನೋವು: ಎಲ್ಲಿ ಶುರುವಾಯಿತು, ಎಲ್ಲಿಗೆ ಸರಿಯಿತು?

ಪ್ರಶ್ನೆ: 14 ವರ್ಷದ ಮಗನಿಗೆ ರಾತ್ರಿ ಹೊಕ್ಕುಳ ಸುತ್ತ ನೋವು ಬಂತು. ಬಟ್ಟಿ ಜಾರಿರಬೇಕೆಂದು ಎಣ್ಣೆ ಹಚ್ಚಿ ತಿಕ್ಕಿಸಿದೆವು. ಮರುದಿನ ಮಧ್ಯಾಹ್ನ ನೋವು ಬಲಗಡೆ ಕೆಳಕ್ಕೆ ಬಂತು. ಅಪೆಂಡಿಕ್ಸ್ ಎಂದು ಅಂದೇ ಆಪರೇಷನ್ ಆಯಿತು. ಮೊದಲೇ ಗೊತ್ತಾಗುತ್ತಿತ್ತೆ?
— ಓದುಗರು, ಹಾವೇರಿ

ಉತ್ತರ: ಮೊದಲ ಕೆಲವು ಗಂಟೆ ವೈದ್ಯರಿಗೂ ಖಚಿತವಾಗಿ ಹೇಳುವುದು ಕಷ್ಟ. ಅಪೆಂಡಿಕ್ಸ್ ಇರುವುದು ಬಲಗಡೆ ಕೆಳಗೇ. ಆದರೆ ಅದರ ನರಗಳು ಬೆನ್ನುಹುರಿ ಸೇರುವುದು ಹೊಕ್ಕುಳ ಸುತ್ತಲಿನ ಚರ್ಮದ ನರಗಳು ಸೇರುವ ಮಟ್ಟದಲ್ಲಿ. ಹಾಗಾಗಿ ಶುರುವಿನಲ್ಲಿ ಅದು ಹೊಕ್ಕುಳ ನೋವೆಂದೇ ಅನಿಸುತ್ತದೆ. ಎಲ್ಲಿ ಎಂದು ಕೇಳಿದರೆ ಹುಡುಗ ಬೆರಳಿಡುವುದಿಲ್ಲ, ಅಂಗೈ ಆಡಿಸುತ್ತಾನೆ. ಬಾವು ಹೆಚ್ಚಿ ಹೊಟ್ಟೆಯ ಒಳಪದರಕ್ಕೆ ತಾಗಿದ ಮೇಲೆ, ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ, ಜಾಗ ನಿಖರವಾಗುತ್ತದೆ: ಹೊಕ್ಕುಳಿಂದ ಬಲ ಸೊಂಟದ ಮೂಳೆಯ ಮುಂತುದಿಗೆ ಗೆರೆ ಎಳೆದರೆ, ಮೂಳೆಯ ಕಡೆಯಿಂದ ಮೂರನೇ ಒಂದು ಭಾಗದಲ್ಲಿ.

ಯಾವುದು ಮೊದಲು ಬಂತೆಂದು ನೋಡಿ. ಅಪೆಂಡಿಕ್ಸ್‌ನಲ್ಲಿ ಹೆಚ್ಚಾಗಿ ಮೊದಲು ನೋವು, ಆಮೇಲೆ ಊಟ ಬೇಡವಾಗುವುದು, ವಾಂತಿ, ಸಣ್ಣ ಜ್ವರ. ಮೊದಲೇ ವಾಂತಿಯಾಗಿ, ಜತೆಗೆ ನೀರು ನೀರಾಗಿ ಭೇದಿಯಾದರೆ ಕರುಳಿನ ಸೋಂಕಿನ ಸಾಧ್ಯತೆ ಹೆಚ್ಚು. ಕೆಮ್ಮಿದಾಗ, ಆಟೋ ಹಂಪ್ ಹಾರಿದಾಗ ಬಲಗಡೆ ಚುಚ್ಚಿದರೆ ಒಳಪದರಕ್ಕೆ ಬಾವು ತಾಗಿದೆ ಎಂದೇ ತಿಳಿಯಿರಿ.

ತಿಕ್ಕಿಸಬಾರದು. ಅದಕ್ಕಿಂತ ಕೆಟ್ಟದ್ದು ಹರಳೆಣ್ಣೆ ಕುಡಿಸುವುದು: ಬಾತ ಅಪೆಂಡಿಕ್ಸ್ ಒಡೆಯುವ ಅಪಾಯವಿದೆ. ಆಪರೇಷನ್ ಬೇಕಾಗಬಹುದಾದ್ದರಿಂದ ಆಸ್ಪತ್ರೆ ತಲುಪುವವರೆಗೆ ತಿನ್ನಲು ಏನೂ ಕೊಡಬೇಡಿ. ಜೋರು ನೋವು ಥಟ್ಟನೆ ತಗ್ಗಿದರೆ ನೆಮ್ಮದಿ ಪಡಬೇಡಿ. ಒಡೆದಾಗಲೂ ಹಾಗಾಗುತ್ತದೆ, ಕೆಲವೇ ಗಂಟೆಗಳಲ್ಲಿ ಹೊಟ್ಟೆಯೆಲ್ಲ ಗಟ್ಟಿಯಾಗಿ ನೋಯುತ್ತದೆ. ಸ್ಕ್ಯಾನಿಂಗ್‌ನಲ್ಲಿ ‘ಅಪೆಂಡಿಕ್ಸ್ ಕಾಣಲಿಲ್ಲ’ ಎಂದಿದ್ದರೆ ಅದು ಸರಿಯಿದೆ ಎಂದರ್ಥವಲ್ಲ.

ಗಂಡುಮಕ್ಕಳಲ್ಲಿ ಇನ್ನೊಂದಿದೆ. ವೃಷಣ ತಿರುಚಿಕೊಂಡರೂ ಕಿಬ್ಬೊಟ್ಟೆ ನೋಯುತ್ತದೆ, ವಾಂತಿಯಾಗುತ್ತದೆ. ನಾಚಿಕೆಯಿಂದ ಹುಡುಗರು ಹೇಳುವುದಿಲ್ಲ. 6 ಗಂಟೆಯೊಳಗೆ ಸರಿಪಡಿಸಿದರೆ ವೃಷಣ ಉಳಿಯುವ ಸಾಧ್ಯತೆ ಹೆಚ್ಚು. ಅಪ್ಪನೋ ಮಾವನೋ ನೇರವಾಗಿ ಕೇಳಿಬಿಡುವುದು ಒಳ್ಳೆಯದು.

ಪ್ರಶ್ನೆ: ವಯಸ್ಸು 54, ಸಕ್ಕರೆ ಕಾಯಿಲೆ ಇದೆ. ಊಟವಾಗಿ ನಡೆದರೆ ಎದೆಗೂಡಿನ ಕೆಳಗೆ ಗ್ಯಾಸ್ ಹಿಡಿದಂತಾಗುತ್ತದೆ, ನಿಂತರೆ ಬಿಡುತ್ತದೆ. ಎರಡು ತಿಂಗಳಿಂದ ಆಸಿಡಿಟಿ ಮಾತ್ರೆ ಪ್ಯಾಂಟೊಪ್ರಜೋಲ್ ನುಂಗಿದರೂ ಅಷ್ಟೇ.
— ಓದುಗರು, ತುಮಕೂರು

ಉತ್ತರ: ನಡೆದಾಗ ಬಂದು ನಿಂತಾಗ ಹೋಗುವ ನೋವನ್ನು, ಪರೀಕ್ಷೆಯಲ್ಲಿ ಬೇರೇನೆಂದು ತಿಳಿಯುವವರೆಗೆ, ಹೃದಯದ್ದೆಂದೇ ಎಣಿಸಬೇಕು. ಗ್ಯಾಸ್‌ಗೆ ನೀವು ನಿಂತಿದ್ದೀರೋ ನಡೆಯುತ್ತಿದ್ದೀರೋ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಎದೆನೋವು ಸ್ಪಷ್ಟವಾಗಿ ಬಾರದೆ ಹೀಗೆ ಹೊಟ್ಟೆಯ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳುವುದುಂಟು. ಈ ವಾರವೇ ಹೃದಯ ತಜ್ಞರನ್ನು ಕಾಣಿ. ಮಲಗಿಸಿ ತೆಗೆದ ಇಸಿಜಿ ಸರಿಯಿದೆ ಎಂದು ಅಲ್ಲಿಗೇ ಬಿಡಬೇಡಿ. ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ನಡೆಸುತ್ತಾ ತೆಗೆಯುವ ಇಸಿಜಿ) ಇಂಥ ಪರೀಕ್ಷೆ ಬೇಕಾಗಬಹುದು. ಕೂತಿದ್ದಾಗಲೂ ಬಂದು 15 ನಿಮಿಷವಾದರೂ ಬಿಡದಿದ್ದರೆ, ಅಥವಾ ಬೆವರು ಬಂದರೆ ಸೋಡಾ ತರಿಸಬೇಡಿ, 108ಕ್ಕೆ ಕರೆ ಮಾಡಿ.

ಪ್ರಶ್ನೆ: ಕಿಡ್ನಿ ಸ್ಟೋನ್ 4 ಮಿ.ಮೀ. ಬಿಯರ್ ಕುಡಿದರೆ ಬೀಳುತ್ತದೆಯೆ?
— ಓದುಗರು, ಬಳ್ಳಾರಿ

ಉತ್ತರ: ಅಷ್ಟು ಸಣ್ಣ ಕಲ್ಲು ಬಹುತೇಕ ತಾನಾಗಿಯೇ ಬೀಳುತ್ತದೆ, ಹೆಸರು ಮಾತ್ರ ಬಿಯರ್‌ಗೆ. ನೋವು ಎದ್ದಾಗ ಬಕೆಟ್ಟುಗಟ್ಟಲೆ ನೀರು ಕುಡಿದರೂ ಕಲ್ಲು ಬೇಗ ಬೀಳುವುದಿಲ್ಲ. ಉಳಿದ ದಿನಗಳಲ್ಲಿ 2ರಿಂದ 2.5 ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ. ಬಳ್ಳಾರಿಯ ಬಿಸಿಲಿಗೆ 3 ಲೀಟರ್ ನೀರೂ ಸಾಲದೆ ಹೋಗಬಹುದು. ಪಕ್ಕೆನೋವಿನ ಜತೆ ಚಳಿಜ್ವರ ಬಂದರೆ ಕಲ್ಲಿನ ಹಿಂದೆ ಕಟ್ಟಿಕೊಂಡ ಮೂತ್ರಕ್ಕೆ ಸೋಂಕು ತಗುಲಿರಬಹುದು. ಆಗ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.