ಮುಟ್ಟು ತಡವಾಗಿದೆ, ಕಿಟ್‌ನಲ್ಲಿ ಒಂದೇ ಗೆರೆ: ಏನೆಂದು ತಿಳಿಯಲಿ?

ಪ್ರಶ್ನೆ: ನನಗೆ 27 ವರ್ಷ, ಹೊಸನಗರ ತಾಲ್ಲೂಕಿನ ಹಳ್ಳಿಯವಳು. ಮಗುವಿಗಾಗಿ ಕಾಯುತ್ತಿದ್ದೇವೆ. ನನಗೆ ಮುಟ್ಟು ಒಮ್ಮೆ 30 ದಿನಕ್ಕೆ, ಇನ್ನೊಮ್ಮೆ 38 ದಿನಕ್ಕೆ ಬರುತ್ತದೆ. ಈ ಸಲ 34ನೇ ದಿನ ಮಧ್ಯಾಹ್ನ ಊಟವಾದ ಮೇಲೆ ಕಿಟ್‌ನಲ್ಲಿ ಪರೀಕ್ಷೆ ಮಾಡಿದಾಗ ಒಂದೇ ಗೆರೆ ಬಂತು. ಸಂಜೆ ಎಸೆಯಲೆಂದು ಎತ್ತಿಕೊಂಡಾಗ ಎರಡನೆಯ ಗೆರೆಯೂ ಮಸುಕಾಗಿ ಕಂಡಿತು. ಹಿಂದಿನ ವಾರ ಜ್ವರಕ್ಕೆ ಮಾತ್ರೆ ತೆಗೆದುಕೊಂಡಿದ್ದೆ, ಅದರಿಂದ ಹೀಗಾಯಿತೇ? ಮತ್ತೆ ಯಾವಾಗ ಪರೀಕ್ಷಿಸಲಿ?

ಉತ್ತರ: ನಿಮ್ಮ ಪರೀಕ್ಷೆಯಿಂದ ಗರ್ಭ ನಿಂತಿದೆ ಎಂದಾಗಲಿ, ನಿಂತಿಲ್ಲ ಎಂದಾಗಲಿ ತೀರ್ಮಾನಿಸಲು ಬರುವುದಿಲ್ಲ. ಕಾರಣ ನೀವು ಆರಿಸಿಕೊಂಡ ದಿನ. ಕಿಟ್ ಗುರುತಿಸುವುದು ಎಚ್‌ಸಿಜಿ ಎಂಬ ಹಾರ್ಮೋನನ್ನು. ಅಂಡ ಬಿಡುಗಡೆಯಾಗಿ ಸಾಮಾನ್ಯವಾಗಿ 6ರಿಂದ 10 ದಿನಗಳಲ್ಲಿ ಭ್ರೂಣವು ಗರ್ಭಕೋಶದ ಒಳಪದರಕ್ಕೆ ಅಂಟಿಕೊಂಡ ನಂತರವೇ ಅದು ತಾಯಿಯ ರಕ್ತಕ್ಕೆ ಸೇರತೊಡಗುತ್ತದೆ, ಮತ್ತು ಆರಂಭದಲ್ಲಿ ಎರಡು ಮೂರು ದಿನಗಳಿಗೊಮ್ಮೆ ಸುಮಾರು ಎರಡರಷ್ಟಾಗುತ್ತ ಹೋಗುತ್ತದೆ. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ನಿಮ್ಮದು ಈ ಸಲ 38 ದಿನದ ಚಕ್ರವಾಗಿದ್ದರೆ ಅದು ನಡೆದದ್ದು 24ನೇ ದಿನದ ಆಸುಪಾಸಿನಲ್ಲಿ. ಹಾಗಾದರೆ 34ನೇ ದಿನ ಭ್ರೂಣ ಅಂಟಿಕೊಂಡು ಹೆಚ್ಚು ಕಾಲವಾಗಿರುವುದಿಲ್ಲ, ಮೂತ್ರದಲ್ಲಿ ಕಿಟ್ ಹಿಡಿಯುವಷ್ಟು ಎಚ್‌ಸಿಜಿ ಇರದೆಯೂ ಇರಬಹುದು. ಊಟದ ಜೊತೆ ಮಜ್ಜಿಗೆ, ನೀರು ಕುಡಿದಿದ್ದರೆ ಮೂತ್ರ ಇನ್ನಷ್ಟು ತೆಳುವಾಗುತ್ತದೆ.

ಸಂಜೆ ಕಂಡ ಗೆರೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪೊಟ್ಟಣದ ಮೇಲೆ ಬರೆದಿರುವ ಸಮಯದಲ್ಲಿ, ಬಹುತೇಕ ಕಿಟ್‌ಗಳಲ್ಲಿ 3ರಿಂದ 5 ನಿಮಿಷದಲ್ಲಿ, ಕಾಣುವುದನ್ನಷ್ಟೇ ನೋಡಬೇಕು. ಆಮೇಲೆ ಹನಿ ಒಣಗಿದ ಜಾಗದಲ್ಲಿ ಬಣ್ಣವಿಲ್ಲದ ಬೂದು ಗೀರು ಮೂಡುವುದುಂಟು. ಆದರೆ ಆ ಸಮಯದೊಳಗೆ ‘ಟಿ’ ಅಕ್ಷರದ ಎದುರು ಬಣ್ಣದ ಗೆರೆ ಎಷ್ಟೇ ತೆಳುವಾಗಿ ಮೂಡಿದರೂ ಅದು ಪಾಸಿಟಿವ್. ‘ಸಿ’ ಗೆರೆಯೇ ಬಾರದಿದ್ದರೆ ಕಿಟ್ ಕೆಟ್ಟಿದೆ ಎಂದು ತಿಳಿಯಿರಿ. ನಮ್ಮ ಮಲೆನಾಡಿನ ಮಳೆಗಾಲದ ಥಂಡಿಯಲ್ಲಿ ಇದು ಗಮನಿಸಬೇಕಾದ ಸಂಗತಿ: ಪರೀಕ್ಷೆಗೆ ಕುಳಿತಾಗಲೇ ಪೊಟ್ಟಣ ಹರಿಯಿರಿ, ಒಲೆಯ ಬಳಿಯಾಗಲಿ ಬಚ್ಚಲಲ್ಲಾಗಲಿ ಇಡಬೇಡಿ.

ಜ್ವರದ ಮಾತ್ರೆ ಗೆರೆಯನ್ನು ಬದಲಿಸುವುದಿಲ್ಲ. ಬದಲಿಸುವುದು ಬಂಜೆತನದ ಚಿಕಿತ್ಸೆಯಲ್ಲಿ ಕೊಡುವ ಎಚ್‌ಸಿಜಿ ಚುಚ್ಚುಮದ್ದಿನಂಥದ್ದು. ಆದರೂ ಆ ಮಾತ್ರೆ ಯಾವುದೆಂದು ವೈದ್ಯರಿಗೆ ತೋರಿಸಿ. ಇನ್ನು ಮುಂದೆ ಯಾವ ಔಷಧಿ ತೆಗೆದುಕೊಳ್ಳುವ ಮುನ್ನವೂ ಗರ್ಭ ನಿಂತಿರಬಹುದು ಎಂದು ತಿಳಿಸಿ.

ದಿನವೂ ಪರೀಕ್ಷಿಸಿ ಮನಸ್ಸನ್ನು ನೋಯಿಸಿಕೊಳ್ಳುವುದು ಬೇಡ ಎಂಬುದು ನನ್ನ ಸಲಹೆ. ಮುಟ್ಟು ಬಾರದಿದ್ದರೆ 41ನೇ ದಿನ, ಬೆಳಿಗ್ಗೆ ಎದ್ದ ಕೂಡಲೇ, ಕಾಫಿ ಕಷಾಯಕ್ಕೂ ಮೊದಲಿನ ಮೂತ್ರದಲ್ಲಿ ಪರೀಕ್ಷೆ ಮಾಡಿ. ಅಂಗಡಿಗೆ ಹೋಗಲಾಗದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಸರ್ಕಾರದ ‘ನಿಶ್ಚಯ್’ ಕಿಟ್ ಉಚಿತವಾಗಿ ಸಿಗುತ್ತದೆ. ಸಕ್ಕರೆ, ಟೂತ್‌ಪೇಸ್ಟ್ ಬೆರೆಸಿ ನೋಡುವ ಪದ್ಧತಿಗೆ ಯಾವ ಆಧಾರವೂ ಇಲ್ಲ. ಮಗು ಬೇಕೆಂದಿರುವುದರಿಂದ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲವನ್ನು ಈಗಲೇ, ವೈದ್ಯರನ್ನು ಕೇಳಿ, ಆರಂಭಿಸಿ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಹೊಟ್ಟೆಯ ಕೆಳಭಾಗದಲ್ಲಿ, ಅದರಲ್ಲೂ ಒಂದೇ ಬದಿಗೆ ತೀವ್ರ ನೋವು, ರಕ್ತಸ್ರಾವ, ಭುಜದ ತುದಿಯಲ್ಲಿ ನೋವು, ತಲೆಸುತ್ತು ಕಂಡರೆ ಗರ್ಭವು ಗರ್ಭನಾಳದಲ್ಲಿ ನಿಂತಿರಬಹುದು. ನಾಳ ಒಡೆದರೆ ಜೀವಕ್ಕೇ ಅಪಾಯ. ಕಿಟ್‌ನಲ್ಲಿ ಒಂದೇ ಗೆರೆ ಬಂದಿತ್ತೆಂದು ಸುಮ್ಮನಿರುವುದು ತಪ್ಪು. ಬೆಳಗಾಗಲಿ, ಮಳೆ ನಿಲ್ಲಲಿ ಎನ್ನದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ.

41ನೇ ದಿನ ಎರಡು ಗೆರೆ ಬಂದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ತಾಯಿ ಕಾರ್ಡ್ ಮಾಡಿಸಿಕೊಳ್ಳಿ. ಆಗಲೂ ಒಂದೇ ಗೆರೆ ಬಂದು ಮುಟ್ಟೂ ಆಗದಿದ್ದರೆ ರಕ್ತದಲ್ಲಿ ಬೀಟಾ ಎಚ್‌ಸಿಜಿ ಪರೀಕ್ಷೆ ಮಾಡಿಸಿ, ಜೊತೆಗೆ ಥೈರಾಯ್ಡ್ ಮತ್ತು ಪಿಸಿಒಎಸ್ (ಹಾರ್ಮೋನಿನ ಏರುಪೇರಿನಿಂದ ಮುಟ್ಟು ತಪ್ಪಿಸುವ ಅಂಡಾಶಯದ ತೊಂದರೆ) ಬಗ್ಗೆಯೂ ಸ್ತ್ರೀರೋಗ ತಜ್ಞರನ್ನು ವಿಚಾರಿಸಿ. ಹೋಗುವಾಗ ಹಿಂದಿನ ಮೂರ್ನಾಲ್ಕು ತಿಂಗಳ ಮುಟ್ಟಿನ ದಿನಾಂಕಗಳನ್ನು ಬರೆದುಕೊಂಡು ಹೋಗಿ.